ಸ್ನ್ಯಾಪ್ ಫೈರ್‌ಫಾಕ್ಸ್‌ಗೆ ಕೀಪಾಸ್‌ಎಕ್ಸ್‌ಸಿ ಜೋಡಿಸುವುದು ಹೇಗೆ?

ಉಬುಂಟು 22.04ರಿಂದೀಚೆಗೆ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ (ತನ್ನದೇ ಆವರಣದೊಳಗೆ ಓಡುವ ಪ್ಯಾಕೇಜ್) ಆಗಿ ಮಾತ್ರ. ಪಾಸ್‌ವರ್ಡ್ ಕಾಪಾಡುವ ಕೀಪಾಸ್‌ಎಕ್ಸ್‌ಸಿ ಪ್ರೋಗ್ರಾಂನ ಎಕ್ಸ್‌ಟೆನ್ಶನ್ ಅದರಲ್ಲಿ ಸಲೀಸಾಗಿ ಇನ್‌ಸ್ಟಾಲ್ ಆಗುತ್ತದೆ, ಆದರೆ ಐಕಾನ್ ಮೇಲಿನ ಕೆಂಪು ಗುರುತು ಹೋಗುವುದಿಲ್ಲ. ಹೆಚ್ಚಿನವರು ಎಕ್ಸ್‌ಟೆನ್ಶನ್ನನ್ನೇ ತೆಗೆದು, ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಸುಸ್ತಾಗುತ್ತಾರೆ. ತೊಡಕು ಇರುವುದು ಬೇರೆ ಕಡೆ.

ಈ ಎಕ್ಸ್‌ಟೆನ್ಶನ್ ಬಳಿ ನಿಮ್ಮ ಪಾಸ್‌ವರ್ಡ್‌ಗಳಿಲ್ಲ. ಬ್ರೌಸರ್ ಒಂದು ಪುಟ್ಟ ಪ್ರಾಕ್ಸಿ ಪ್ರೋಗ್ರಾಂ ಓಡಿಸಿ, ಅದರ ಮೂಲಕ ಕೀಪಾಸ್‌ಎಕ್ಸ್‌ಸಿಯನ್ನು ಕೇಳಬೇಕು. ಸ್ನ್ಯಾಪ್‌ನ ಕಾವಲಿನ ಆವರಣದ (ಸ್ಯಾಂಡ್‌ಬಾಕ್ಸ್) ಒಳಗಿರುವ ಬ್ರೌಸರ್‌ಗೆ ಹೊರಗಿನ ಪ್ರೋಗ್ರಾಂ ಓಡಿಸುವ ಹಕ್ಕಿಲ್ಲ. (ಬಿಟ್‌ವಾರ್ಡನ್ ಎಂಬ ಇನ್ನೊಂದು ಪಾಸ್‌ವರ್ಡ್ ಪ್ರೋಗ್ರಾಂ ನೇರ ಸರ್ವರ್ ಜೊತೆ ಮಾತಾಡುವುದರಿಂದ ಅದಕ್ಕೆ ಈ ತಲೆನೋವಿಲ್ಲ, ಬೆರಳಚ್ಚಿನಿಂದ ತೆರೆಯಲು ಹೋಗದಿದ್ದರೆ.)

1. ಕೀಪಾಸ್‌ಎಕ್ಸ್‌ಸಿಯನ್ನು ಉಬುಂಟುವಿನ ಮಾಮೂಲಿ ಪ್ಯಾಕೇಜ್ ಸಾಧನ ಏಪ್ಟ್‌ನಿಂದಲೇ ಹಾಕಿಕೊಳ್ಳಿ. ಅದನ್ನೂ ಸ್ನ್ಯಾಪ್ ಮಾಡಿಕೊಂಡರೆ ದಾಟಬೇಕಾದ ಗೋಡೆ ಎರಡು.

2. ಡೇಟಾಬೇಸ್ ತೆರೆದು, ಸೆಟ್ಟಿಂಗ್ಸ್‌ನ ಬ್ರೌಸರ್ ಇಂಟಿಗ್ರೇಶನ್‌ನಲ್ಲಿ ಫೈರ್‌ಫಾಕ್ಸ್‌ಗೆ ಟಿಕ್ ಹಾಕಿ. ಕಸ್ಟಮ್ ಪ್ರಾಕ್ಸಿ ಎಂಬುದನ್ನು ಮುಟ್ಟಬೇಡಿ.

3. ಇಷ್ಟಾದ ಮೇಲೆ ಎಕ್ಸ್‌ಟೆನ್ಶನ್ ಹಾಕಿ. ಆಗಲೇ ಹಾಕಿದ್ದರೆ ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ತೆರೆಯಿರಿ. ಎಡವುವುದು ಇಲ್ಲೇ. ಹೊರಗಿನ ಪ್ರೋಗ್ರಾಂ ಓಡಿಸಲು ಅನುಮತಿ ಕೊಡಲೇ ಎಂದು ಉಬುಂಟು ಕೇಳುತ್ತದೆ. ವೈರಸ್ ಇರಬಹುದೆಂದು ಹೆದರಿ ಬೇಡ ಎಂದವರೇ ಹೆಚ್ಚು. ಆ ಉತ್ತರ ಅನುಮತಿ ಪಟ್ಟಿಯಲ್ಲಿ ದಾಖಲಾಗುತ್ತದೆ, ಮತ್ತೆ ಕೇಳುವುದಿಲ್ಲ. ಎಕ್ಸ್‌ಟೆನ್ಶನ್ ತೆಗೆದುಹಾಕಿದರೂ ಆ ದಾಖಲೆ ಅಳಿಯದು. ತಿದ್ದಲು ಏಪ್ಟ್‌ನಿಂದ ಫ್ಲ್ಯಾಟ್‌ಪ್ಯಾಕ್ (ಸ್ನ್ಯಾಪ್‌ನಂಥದೇ ಇನ್ನೊಂದು ವ್ಯವಸ್ಥೆ, ಈ ಪಟ್ಟಿ ತಿದ್ದುವ ಕಮಾಂಡ್ ಅದರಲ್ಲಿದೆ) ಹಾಕಿಕೊಂಡು, ಟರ್ಮಿನಲ್‌ನಲ್ಲಿ ಇದನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಒಂದೇ ಸಾಲಿನಲ್ಲಿ ಟೈಪ್ ಮಾಡಿ:

ಫ್ಲ್ಯಾಟ್‌ಪ್ಯಾಕ್ ಪರ್ಮಿಶನ್-ಸೆಟ್ ವೆಬ್‌ಎಕ್ಸ್‌ಟೆನ್ಶನ್ಸ್ ಆರ್ಗ್.ಕೀಪಾಸ್‌ಎಕ್ಸ್‌ಸಿ.ಕೀಪಾಸ್‌ಎಕ್ಸ್‌ಸಿ_ಬ್ರೌಸರ್ ಸ್ನ್ಯಾಪ್.ಫೈರ್‌ಫಾಕ್ಸ್ ಯೆಸ್

ನಡುವಿನ ಹೆಸರಿನಲ್ಲಿ ಎರಡು ಚುಕ್ಕಿ, ಒಂದು ಅಂಡರ್‌ಸ್ಕೋರ್. ಹೈಫನ್ ಹಾಕಿದರೆ ಎರರ್ ಏನೂ ಬರುವುದಿಲ್ಲ, ಕೆಲಸವೂ ಆಗುವುದಿಲ್ಲ.

4. ಐಕಾನ್ ಒತ್ತಿ ಕನೆಕ್ಟ್ ಮಾಡಿ, ಜೋಡಣೆಗೊಂದು ಹೆಸರು ಕೊಡಿ.

ಫ್ಲ್ಯಾಟ್‌ಪ್ಯಾಕ್ ಫೈರ್‌ಫಾಕ್ಸ್ ಇನ್ನೂ ಹಟಮಾರಿ. ಪ್ರಾಕ್ಸಿಯನ್ನು ಒಳಗೆ ನಕಲಿಸಿದರೂ, ಅದಕ್ಕೆ ಬೇಕಾದ ಕ್ಯೂಟಿ ಲೈಬ್ರರಿಗಳು ಅಲ್ಲಿಲ್ಲದೆ ಏಳುವುದೇ ಇಲ್ಲ. ಹೋಮ್ ಫೋಲ್ಡರ್ ಇಡೀ ಬ್ರೌಸರ್‌ಗೆ ತೆರೆದಿಡುವ ಅಡ್ಡದಾರಿ ಮಾತ್ರ ಬೇಡ: ಲೈಬ್ರರಿ ಅದರಿಂದ ಬರುವುದಿಲ್ಲ, ಇದ್ದ ಕಾವಲು ಹೋಗುತ್ತದೆ.

ಇಷ್ಟೆಲ್ಲ ಒದ್ದಾಟ ಬೇಡವೆಂದರೆ ಮೊಝಿಲ್ಲಾದ ಸ್ವಂತ ಏಪ್ಟ್ ಭಂಡಾರದಿಂದ ಡೆಬ್ (ಸ್ನ್ಯಾಪ್ ಅಲ್ಲದ ಮಾಮೂಲಿ ಪ್ಯಾಕೇಜ್) ಫೈರ್‌ಫಾಕ್ಸ್ ಹಾಕಿ. ನನ್ನ ಆಯ್ಕೆ ಅದೇ. ಒಂದು ಬಲೆಯಿದೆ. ಉಬುಂಟು ಭಂಡಾರದಲ್ಲಿ ಅದೇ ಹೆಸರಿನದೊಂದು ಖಾಲಿ ಡಬ್ಬಿ ಇದೆ, ಅದರ ಕೆಲಸ ಸ್ನ್ಯಾಪ್ ತರಿಸುವುದಷ್ಟೇ. ಅದರ ಆವೃತ್ತಿ ಸಂಖ್ಯೆ 1ಸ್ನ್ಯಾಪ್1, ಆದರೆ ಅದರ ಆರಂಭಕ್ಕೆ '1:' ಅಂಟಿಸಿರುವುದರಿಂದ ಏಪ್ಟ್ ಕಣ್ಣಿಗೆ ಅದೇ ಹೊಸದು. ಮೊಝಿಲ್ಲಾ ಭಂಡಾರಕ್ಕೆ 1000 ಆದ್ಯತೆ ಕೊಡುವ ಪಿನ್ ಫೈಲ್ ಮರೆತರೆ ಸ್ನ್ಯಾಪ್ ಮತ್ತೆ ಮನೆ ಸೇರುತ್ತದೆ. ಸ್ನ್ಯಾಪ್ ತೆಗೆಯುವ ಮುನ್ನ ಹೋಮ್‌ನಲ್ಲಿರುವ ಸ್ನ್ಯಾಪ್/ಫೈರ್‌ಫಾಕ್ಸ್/ಕಾಮನ್ ಒಳಗಿನ .ಮೊಝಿಲ್ಲಾ ಫೋಲ್ಡರನ್ನು ಬೇರೆಡೆ ನಕಲಿಸಿಡಿ. ಬುಕ್‌ಮಾರ್ಕ್‌ಗಳು ಇರುವುದು ಅಲ್ಲೇ. ಕಾಣಿಸದಿದ್ದರೆ ಕಂಟ್ರೋಲ್-ಎಚ್ ಒತ್ತಿ.