ಛತ್ರದ ಬೀಗದಿಂದ ಹಿಂದಕ್ಕೆ ಲೆಕ್ಕ ಹಾಕಿದೆ: ಮದುವೆ ಖರ್ಚು ಹಿಡಿತಕ್ಕೆ ಬಂದ ನನ್ನ ಅನುಭವ

ಕಮಿಶನ್ ಮೇಲೆ ಮದುವೆ ಮಾಡಿಸಿಕೊಡುವುದು ನನ್ನ ಕೆಲಸ. ಕಳೆದ ಮಾಘದಲ್ಲಿ ಮೈಸೂರಿನಲ್ಲಿ ಮಾಡಿಸಿದ ಮದುವೆ ಸುಮಾರು 11 ಲಕ್ಷದ್ದು. ಮಾತಾಡಿದ ದುಡ್ಡಿಗಿಂತ ಜಾಸ್ತಿ ಹೋಗಿದ್ದು 3 ಸಾವಿರ ಚಿಲ್ಲರೆ ಮಾತ್ರ. ಅದೂ ಜನರೇಟರ್ ಡೀಸೆಲ್‌ಗೆ. ಕರೆಂಟ್ ಹೋದರೆ ನಾನೇನು ಮಾಡಲಿ? ಉಳಿದದ್ದನ್ನೆಲ್ಲ ಹಿಡಿತದಲ್ಲಿಟ್ಟಿದ್ದು, ಯಾರು ಎಷ್ಟೊತ್ತಿಗೆ ಬಂದು ಎಷ್ಟೊತ್ತಿಗೆ ಬಿಡಬೇಕು ಅಂತ ನಾನು ಬರೆಯುವ ಒಂದು ಹಾಳೆ. "ಹಾಳೆಯಲ್ಲಿ ಟೈಮ್ ಬರೆದ್ರೆ ಮದುವೆ ನಡೆಯುತ್ತಾ ಅಕ್ಕಾ?" ಅಂತ ನಗುತ್ತಿದ್ದ ಡೆಕೊರೇಶನ್‌ನವರು ಮೊನ್ನೆ ಫೋನ್ ಮಾಡಿ ಆ ಹಾಳೆಯ ಫೋಟೊ ಕೇಳಿದರು. ಇನ್ನೂ ಕಳಿಸಿಲ್ಲ.

ನಗುವುದಕ್ಕೆ ಅವರಿಗೆ ಕಾರಣ ಇತ್ತು. ಕೆಲವು ವರ್ಷದ ಹಿಂದಿನ ಒಂದು ಮೇ ತಿಂಗಳ ಮದುವೆಯನ್ನ ಅವರೂ ನೋಡಿದ್ದರು. ಬೆಳಗ್ಗೆ 8.30ರಿಂದ 9.30ರ ಮಿಥುನ ಲಗ್ನ, ಹಿಂದಿನ ಸಂಜೆ ಆರತಕ್ಷತೆ. ನಾನು ಎಲ್ಲರ ಹಾಗೆ ಮುಂದಕ್ಕೆ ಬರೆದಿದ್ದೆ. 2ಕ್ಕೆ ಛತ್ರ, 3ಕ್ಕೆ ಹೂ, 6.30ಕ್ಕೆ ಆರತಕ್ಷತೆ. ನಮ್ಮ ಮುಂಚಿನ ಮದುವೆಯವರು ಅಡುಗೆಮನೆ ಬಿಟ್ಟಿದ್ದು 3.30ಕ್ಕೆ. ಸ್ಟೇಜಿನ ಫ್ರೇಮ್ ನಿಂತಿದ್ದು 5 ಗಂಟೆಗೆ. ಹೂವಿನವರು ಮಾತ್ರ ಪಾಪ, ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು. ಮೇ ಬಿಸಿಲಿಗೆ ಆಟೊದಲ್ಲೇ ಸೇವಂತಿಗೆ ಬಾಡಿತು. ದೇವರಾಜ ಮಾರುಕಟ್ಟೆಗೆ ಹುಡುಗನನ್ನ ಓಡಿಸಿ ಮತ್ತೆ ತರಿಸಿದೆ. ಸಂಜೆ ಹೊತ್ತಿನ ರೇಟು, ಗೊತ್ತಲ್ಲ. 8 ಸಾವಿರ.

ಆರತಕ್ಷತೆ ಶುರುವಾಗಿದ್ದು 8.10ಕ್ಕೆ. ಫೋಟೊ, ವಿಡಿಯೋದವರ ಮಾತು 10ರ ತನಕ ಇತ್ತು, ಮೇಲಿನ ಹೊತ್ತಿಗೆ 9 ಸಾವಿರ. ಹುಣಸೂರಿಗೆ ವಾಪಸ್ ಹೋಗಬೇಕಿದ್ದ 2 ಬಸ್ ಹೊರಟಿದ್ದು 12 ದಾಟಿದ ಮೇಲೆ. ಡ್ರೈವರ್, ಕ್ಲೀನರ್ ನೈಟ್ ಬಾಟಾ ಸೇರಿ 6 ಸಾವಿರ. ಬಡಿಸುವ ಹುಡುಗರಿಗೆ ಕೊನೆ ಬಸ್ ತಪ್ಪಿತು, ಅವರಿಗೊಂದು ಗಾಡಿ. ಮಾರನೇ ದಿನ ಊಟ ಶುರುವಾಗಿದ್ದೇ 12.30ಕ್ಕೆ. 3ಕ್ಕೆ ಬಿಡಬೇಕಾದ ಛತ್ರ ಬಿಟ್ಟಿದ್ದು 5.30ಕ್ಕೆ. ಅರ್ಧ ದಿನದ ಬಾಡಿಗೆ ಅಂತ 25 ಸಾವಿರ ಕೇಳಿದರು, ಒಂದು ಪೈಸೆ ಬಿಡಲಿಲ್ಲ. ಎಲ್ಲ ಸೇರಿ 50 ಸಾವಿರದ ಆಸುಪಾಸು. ಹುಡುಗಿ ತಂದೆ ಜಗಳ ಆಡಲಿಲ್ಲ. "ನೀವಿದ್ದೂ ಹಿಂಗಾಯ್ತಲ್ಲಮ್ಮ" ಅಂದರು ಅಷ್ಟೇ. ನನ್ನ ಕಮಿಶನ್‌ನಲ್ಲಿ 20 ಸಾವಿರ ಬಿಟ್ಟುಕೊಟ್ಟೆ.

ಆಮೇಲೆ ಮಾಡಿದ ಪ್ರಯೋಗಗಳು ಒಂದೆರಡಲ್ಲ. ಲೇಟಾದರೆ ದುಡ್ಡು ಹಿಡಿಯುತ್ತೇನೆ ಅಂತ ಬರೆಸಿಕೊಳ್ಳಲು ಹೋದೆ. ಲಗ್ನಸರಿಯಲ್ಲಿ ಯಾರು ಸಹಿ ಹಾಕುತ್ತಾರೆ? ಇಬ್ಬರು ಅಡ್ವಾನ್ಸ್ ವಾಪಸ್ ಕೊಟ್ಟು ಹೋದರು. ಎಲ್ಲರಿಗೂ 1 ಗಂಟೆ ಮುಂಚಿನ ಸಮಯ ಹೇಳಿ ನೋಡಿದೆ. ಎರಡು ಮದುವೆ ನಡೆಯಿತು, ಮೂರನೆಯದಕ್ಕೆ ಗುಟ್ಟು ಗೊತ್ತಾಗಿ 2 ಗಂಟೆ ಲೇಟಾಗಿ ಬಂದರು. ಪ್ರತಿ ಕೆಲಸಕ್ಕೂ ಅರ್ಧ ಗಂಟೆ ಜಾಸ್ತಿ ಇಟ್ಟೆ. ಜನ ಸುಮ್ನೆ ಕೂತರು, ಕೂತಿದ್ದಕ್ಕೂ ದುಡ್ಡು ಕೇಳಿದರು.

ಒಂದು ಆಷಾಢದಲ್ಲಿ ಕೆಲಸ ಇಲ್ಲದೆ ಕೂತಾಗ ಹಳೆ ಬಿಲ್‌ಗಳನ್ನೆಲ್ಲ ಹರಡಿಕೊಂಡೆ. ಮೇಲಿನ ಖರ್ಚು ಅಂತ ಬರೆದಿದ್ದರಲ್ಲಿ ಮುಕ್ಕಾಲು ಪಾಲು ಒಬ್ಬರಿಗಾಗಿ ಇನ್ನೊಬ್ಬರು ಕಾದ ದುಡ್ಡು. ಇನ್ನೊಂದೂ ಕಂಡಿತು. ಮುಹೂರ್ತ ಒಂದು ಸಲವೂ ತಪ್ಪಿಲ್ಲ. ಅದನ್ನ ಪುರೋಹಿತರು, ಗಟ್ಟಿಮೇಳದವರು, ಮನೆ ಹಿರಿಯರು ಎಲ್ಲ ಸೇರಿ ಕಾಯುತ್ತಾರೆ. ಯಾರೂ ಕಾಯದಿರುವುದು ಛತ್ರ ಬಿಡುವ ಹೊತ್ತನ್ನ. ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ ಅಂತ ಹಿಂದಕ್ಕೆ ಬರೆದೆ.

3ಕ್ಕೆ ಛತ್ರ ಬಿಟ್ಟು ಬೀಗದ ಕೈ ಕೊಡಬೇಕು. 2.30ಕ್ಕೆ ಛತ್ರದವರನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಕರೆಂಟ್ ಮೀಟರ್ ಓದಬೇಕು. (ಬರುವಾಗಲೂ ಮೀಟರ್ ಫೋಟೊ ತೆಗೆಯಿರಿ. ಯೂನಿಟ್‌ಗೆ 20 ರೂಪಾಯಿ ಮೇಲೆ ಹಾಕುತ್ತಾರೆ, ಹಿಂದಿನವರ ಯೂನಿಟ್ ನಾವ್ಯಾಕೆ ಹೊರಬೇಕು?) ಅಷ್ಟರಲ್ಲಿ ಪಾತ್ರೆ ತೊಳೆದು ಗಾಡಿಗೆ ಏರಿರಬೇಕು, ಅದಕ್ಕೆ 1 ಗಂಟೆ. ಅಂದರೆ 1.30ಕ್ಕೆ ಕೊನೆ ಪಂಕ್ತಿ ಏಳಬೇಕು. ಪಂಕ್ತಿಗೆ 40 ನಿಮಿಷದಂತೆ 4 ಪಂಕ್ತಿ. ಮೊದಲ ಎಲೆ ಹಾಕಬೇಕಾದ್ದು 10.50ಕ್ಕೆ!

"ಅಷ್ಟು ಹೊತ್ತಿಗೆ ಯಾರು ಉಣ್ಣುತ್ತಾರೆ?" ಅಂತ ಎಲ್ಲ ಮನೆಯಲ್ಲೂ ಕೇಳುತ್ತಾರೆ. ಬೆಳಗ್ಗೆ 5ಕ್ಕೆ ಹಳ್ಳಿಯಿಂದ ಹೊರಟವರು ಉಣ್ಣುತ್ತಾರೆ. ಅರ್ಧ ದಿನ ರಜೆ ಹಾಕಿ ಬಂದ ಆಫೀಸಿನವರು ಉಣ್ಣುತ್ತಾರೆ. ಮೊದಲ ಪಂಕ್ತಿಗೆ ಇವರನ್ನ ನಾನೇ ಹೋಗಿ ಕರೆದು ಕೂರಿಸುತ್ತೇನೆ. ಒಂದು ಪಂಕ್ತಿ ಕೂತರೆ ಮುಂದಿನದು ತಾನಾಗಿ ತುಂಬುತ್ತದೆ. ಅಡುಗೆ ಭಟ್ಟರಿಗಂತೂ ಖುಷಿ. ಸಾರು, ಹುಳಿ ಮತ್ತೆ ಬಿಸಿ ಮಾಡುವ ಗ್ಯಾಸ್ ಉಳಿಯಿತು ಅಂದರು.

ಆರತಕ್ಷತೆಗೂ ಹೀಗೇ, ಬಸ್ ಹೊರಡುವ ಹೊತ್ತಿನಿಂದ ಹಿಂದಕ್ಕೆ. ಆರ್ಕೆಸ್ಟ್ರಾದ ಚಿಂತೆ ಮಾತ್ರ ನನಗಿಲ್ಲ. ರಾತ್ರಿ 10ರ ಮೇಲೆ ಹೊರಗೆ ಕೇಳುವಂತೆ ಮೈಕ್ ಹಾಕುವ ಹಾಗಿಲ್ಲ ಅಂತ ಕಾನೂನೇ ಇದೆ.

ಹಾಳೆಯಲ್ಲಿ ಎರಡು ಕಾಲಂ. ಬರುವ ಹೊತ್ತು, ಬಿಡುವ ಹೊತ್ತು. ಮೊದಲನೆಯದನ್ನ ಎಲ್ಲರೂ ಬರೆಯುತ್ತಾರೆ. ನನ್ನ ದುಡ್ಡು ಉಳಿಸಿದ್ದು ಎರಡನೆಯದು. ಬಿಡುವ ಹೊತ್ತು ದಾಟಿದರೆ ಗಂಟೆಗೆ ಎಷ್ಟು ಅನ್ನುವುದನ್ನ ಅಡ್ವಾನ್ಸ್ ಕೈಗಿಡುವ ಮುಂಚೆ ಕೇಳಿ ಅಲ್ಲೇ ಬರೆಯುತ್ತೇನೆ. ಆಷಾಢದಲ್ಲೋ ಧನುರ್ಮಾಸದಲ್ಲೋ ಕೇಳಿದರೆ ಗಂಟೆಗೆ 1,500 ಅನ್ನುವವರೇ, ಮದುವೆ ದಿನ ರಾತ್ರಿ 11ಕ್ಕೆ ಕೇಳಿದರೆ 4,000 ಅನ್ನುತ್ತಾರೆ. ಹೂವಿನವರಿಗೆ ಹೊತ್ತನ್ನೇ ಕೊಡುವುದಿಲ್ಲ. ಫ್ರೇಮ್ ನಿಂತ ಫೋಟೊ ನಾನು ಕಳಿಸಿದ ಮೇಲೆ ಗಾಡಿ ಹೊರಡಬೇಕು. ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿನ ಮದುವೆಯಾದರೆ ಕನಕಾಂಬರದ ಆಸೆಯನ್ನೇ ಬಿಡಿಸುತ್ತೇನೆ. ಒಮ್ಮೆ ಕೆಜಿಗೆ 2 ಸಾವಿರದ ಹತ್ತಿರ ಕೊಟ್ಟ ನೆನಪಿದೆ.

ನಡುವೆ ಎಲೆ ಲೆಕ್ಕದ ಹುಚ್ಚೂ ಹಿಡಿದಿತ್ತು. 640 ಎಲೆ ಬಿದ್ದ ಊಟಕ್ಕೆ 700ರ ಮೇಲೆ ಬಿಲ್ ಬಂದಿದ್ದು ಕಣ್ಣಿಗೆ ಚುಚ್ಚಿತು. ಊಟದ ಹಾಲ್ ಬಾಗಿಲಲ್ಲಿ ಚೀಟಿ ಕೊಟ್ಟು ನೋಡಿದೆ. ಒಬ್ಬ ಸೋದರಮಾವ "ಉಣ್ಣೋದಕ್ಕೂ ಚೀಟಿನಾ?" ಅಂತ ಕೋಪ ಮಾಡಿಕೊಂಡು ಹೊರಟೇ ಬಿಟ್ಟರು. ಬಸ್ ಸ್ಟ್ಯಾಂಡ್‌ವರೆಗೆ ಹೋಗಿ ಕರೆತಂದೆ. ಈಗ ಎಲೆ ನಾವೇ ತರುತ್ತೇವೆ, ಕಟ್ಟು ಎಣಿಸಿ ಕೊಡುತ್ತೇವೆ, ಉಳಿದದ್ದನ್ನ ಎಣಿಸಿ ವಾಪಸ್ ತೆಗೆದುಕೊಳ್ಳುತ್ತೇವೆ. ಭಟ್ಟರ ಮುಖ ಎರಡು ದಿನ ಗಂಟಿಕ್ಕಿತ್ತು, ಈಗ ಸರಿಹೋಗಿದೆ.

ನಮ್ಮ ಮುಂಚಿನ ಮದುವೆಯವರಿಂದ ಅಡುಗೆಮನೆಯನ್ನ 1.30ಕ್ಕೇ ಹೇಗೆ ಬಿಡಿಸುತ್ತೇನೆ ಅಂತ ಬಹಳ ಜನ ಕೇಳುತ್ತಾರೆ. ಅದನ್ನ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದು. ಇಷ್ಟು ಹೇಳುತ್ತೇನೆ: ಛತ್ರದ ಮ್ಯಾನೇಜರನ್ನ ಕೇಳಿ ಪ್ರಯೋಜನವಿಲ್ಲ.

ಹಾಳೆ ಸೋತ ಜಾಗ ಒಂದಿದೆ, ಬೀಗರ ಊಟ. ಮಟನ್ ಬೇಯುವ ತನಕ ಗಡಿಯಾರ ತೋರಿಸಿದರೆ ಯಾರೂ ನೋಡುವುದಿಲ್ಲ, ಉಂಡ ಮೇಲೆ ಮರದ ನೆರಳು ಬಿಟ್ಟು ಯಾರೂ ಏಳುವುದಿಲ್ಲ. ಹೋದ ತಿಂಗಳು ಮಂಡ್ಯದ ಹತ್ತಿರ ಒಂದು ತೋಟದಲ್ಲಿ ಶಾಮಿಯಾನದವರು ಸಂಜೆ 6ರ ತನಕ ಕಾದು 2,500 ಜಾಸ್ತಿ ತೆಗೆದುಕೊಂಡರು. ನಾನೂ ಅಲ್ಲೇ ಚಾಪೆ ಮೇಲೆ ಮಲಗಿದ್ದೆ.