ಪುಟ್ಟ ಮಕ್ಕಳ ಜೊತೆ ರಂಗನತಿಟ್ಟು

ಮೈಸೂರು ಕಡೆ ಒಂದು ದಿನದ ಸುತ್ತಾಟಕ್ಕೆ ಎಲ್ಲಿಗೆ ಹೋಗೋದು ಅಂತ ಯೋಚಿಸುತ್ತಿದ್ದರೆ ರಂಗನತಿಟ್ಟು ಪಕ್ಷಿಧಾಮಕ್ಕೆ ಹೋಗಿ. ಮೂರ್ನಾಲ್ಕು ವರ್ಷದ ಮಕ್ಕಳಿಗೂ ಹಿಡಿಸುತ್ತದೆ, ನಡಿಗೆ ಕಡಿಮೆ.

ಮುಖ್ಯ ಅಂದ್ರೆ ದೋಣಿ. ದೋಣಿ ನಡೆಸುವವರು ಹಕ್ಕಿಗಳ ಹತ್ತಿರಕ್ಕೇ ಕರೆದೊಯ್ಯುತ್ತಾರೆ. ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳೂ ಕಾಣುತ್ತವೆ. ಮಕ್ಕಳಿಗೆ ಹಕ್ಕಿಗಿಂತ ಅದೇ ಜಾಸ್ತಿ ಇಷ್ಟ, ನೋಡಿ! ಲೈಫ್ ಜಾಕೆಟ್ ಹಾಕಿಸಿ, ಕೂರಿಸಿಕೊಂಡೇ ಇರಿ, ಕೈ ನೀರಿಗೆ ಇಳಿಸಲು ಬಿಡಬೇಡಿ.

ಫೆಬ್ರವರಿಯಿಂದ ಮೇವರೆಗೆ ಹೋದರೆ ಗೂಡು, ಮರಿಗಳು ಕಾಣುತ್ತವೆ. ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎಲ್ಲವೂ ಗದ್ದಲ ಎಬ್ಬಿಸುತ್ತಿರುತ್ತವೆ. ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಆ ಸಮಯದಲ್ಲಿ ಹೊರಡುವ ಮುನ್ನ ವಿಚಾರಿಸಿ. ದೋಣಿ ಇಲ್ಲ ಅಂದ್ರೆ ಮಕ್ಕಳಿಗೆ ಅಲ್ಲಿ ಅಂಥ ಮಜಾ ಇಲ್ಲ.

ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಬೇಸಿಗೆಯಲ್ಲಿ ದೋಣಿ ಮೇಲೆ ಬಿಸಿಲು ಚುರುಕ್ ಅನ್ನುತ್ತದೆ. ಟೋಪಿ, ನೀರು, ಒಂದು ಜೊತೆ ಬಟ್ಟೆ ಇರಲಿ. ಚಿತ್ರಾನ್ನ ಕಟ್ಟಿಕೊಂಡು ಹೋಗಬಹುದು, ಆದರೆ ಕೋತಿ ಕಂಡರೆ ಡಬ್ಬಿ ತೆಗೆಯಬೇಡಿ.

ವಾಪಸ್ ಬರುವಾಗ ಶ್ರೀರಂಗಪಟ್ಟಣ ಹತ್ತಿರವೇ ಇದೆ. ಅಲ್ಲಿ ಎಲ್ಲವನ್ನೂ ತೋರಿಸುವ ಆಸೆ ಬೇಡ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ತೋಟದಲ್ಲಿ ಮಕ್ಕಳನ್ನು ಓಡಾಡಲು ಬಿಡಿ, ಸಾಕು. ಮೈಸೂರು ಮೃಗಾಲಯವನ್ನು ಅದೇ ದಿನಕ್ಕೆ ಸೇರಿಸಬೇಡಿ. ಅದಕ್ಕೆ ಇನ್ನೊಂದು ದಿನವೇ ಬೇಕು, ಮಂಗಳವಾರ ರಜೆ ಬೇರೆ.