ನೆರೆ ನೀರಿನ ರಸ್ತೆಯಲ್ಲಿ ಎಸ್‌ಯುವಿ: ಇಳಿಯುವ ಮುನ್ನ, ಇಳಿದ ಮೇಲೆ

ಎತ್ತರದ ಸೀಟಿನಿಂದ ನೋಡುವವರಿಗೆ ರಸ್ತೆಯ ಮೇಲಿನ ನೀರು ಅಷ್ಟೇನೂ ಆಳವಿಲ್ಲವೆಂದು ತೋರುತ್ತದೆ. ಎಸ್‌ಯುವಿ ಚಾಲಕರನ್ನು ಅಪಾಯಕ್ಕೆ ಒಡ್ಡುವುದು ಈ ಧೈರ್ಯವೇ. ಥಾರ್‌ಗೆ 650 ಮಿ.ಮೀ., ಫಾರ್ಚೂನರ್‌ಗೆ 700 ಮಿ.ಮೀ. ಆಳದವರೆಗೆ ಸಾಗುವ ಸಾಮರ್ಥ್ಯವಿದೆ ಎನ್ನಲಾಗುವುದು ನಿಂತ ನೀರಿನಲ್ಲಿ, ನಿಧಾನವಾಗಿ ಹೋಗುವಾಗ ಮಾತ್ರ. ದಿನಬಳಕೆಯಲ್ಲಿ ಚಕ್ರದ ನಡುಭಾಗವನ್ನು ದಾಟಿದ ನೀರಿಗೆ ಇಳಿಯದಿರುವುದೇ ಒಳ್ಳೆಯದು.

ಹರಿಯುವ ನೀರಿನ ಮಾತೇ ಬೇರೆ. ಗಾಡಿಯ ತಳದ ವಿಸ್ತೀರ್ಣ ಸುಮಾರು 7 ಚದರ ಮೀಟರ್ ಎಂದುಕೊಂಡರೆ, ತಳಕ್ಕೆ ತಾಗಿದ ನೀರು ಮತ್ತೆ 10 ಸೆಂ.ಮೀ. ಏರಿದಾಗಲೆಲ್ಲ ಸುಮಾರು 700 ಕಿಲೋ ಭಾರದಷ್ಟು ಬಲ ಗಾಡಿಯನ್ನು ಮೇಲಕ್ಕೆ ಎತ್ತುತ್ತದೆ. ಒಳಗೆ ನೀರು ನುಗ್ಗುವ ಮೊದಲೇ ಟೈರುಗಳ ಹಿಡಿತ ತಪ್ಪುವುದರಿಂದ, ಎರಡು ಅಡಿ ಆಳದ ಪ್ರವಾಹ ಎರಡು ಟನ್ನಿನ ಗಾಡಿಯನ್ನೂ ಪಕ್ಕಕ್ಕೆ ತಳ್ಳಬಲ್ಲದು. ಫೋರ್ ವೀಲ್ ಡ್ರೈವ್ ಇದ್ದರೂ ಆಗ ಪ್ರಯೋಜನವಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಕೃಷ್ಣಾ ತೀರದ ಕಲ್ಲೋಳ-ಯಡೂರು ಸೇತುವೆಯಂಥ ತಗ್ಗು ಸೇತುವೆಗಳು ಮುಳುಗಿರುವಾಗ, ಎಷ್ಟು ದೂರವಾದರೂ ಸುತ್ತು ದಾರಿಯನ್ನೇ ಹಿಡಿಯಬೇಕು. ಅಂಡರ್‌ಪಾಸ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು.

ನಿಂತ ನೀರನ್ನು ದಾಟಲೇಬೇಕಾದರೆ, ರಸ್ತೆ ವಿಭಜಕದ ಕಲ್ಲು ಅಥವಾ ಮುಂದೆ ಹೋದ ವಾಹನದ ಚಕ್ರ ಎಷ್ಟು ಮುಳುಗಿದೆ ಎಂಬುದನ್ನು ನೋಡಿ ಆಳವನ್ನು ಅಂದಾಜಿಸಿ. ಮುಂದಿನ ಗಾಡಿ ಪೂರ್ತಿ ಆಚೆ ಸೇರುವವರೆಗೆ ಕಾಯಿರಿ, ಎಸಿ ಆರಿಸಿ, ಕಿಟಕಿಗಳನ್ನು ಇಳಿಸಿ, ಬಾಗಿಲುಗಳ ಲಾಕ್ ತೆಗೆಯಿರಿ. ಮೊದಲ ಗೇರಿನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ, ರಸ್ತೆಯ ನಡುವಿನ ಎತ್ತರದ ಭಾಗವನ್ನು ಹಿಡಿದು ಸಾಗಬೇಕು. ಬಾಯಿ ತೆರೆದ ಚರಂಡಿ, ಗುಂಡಿಗಳು ಹೆಚ್ಚಾಗಿ ಅಂಚಿನಲ್ಲಿರುತ್ತವೆ. ನಡುವೆ ಗೇರ್ ಬದಲಿಸಬಾರದು, ಕ್ಲಚ್ ಒತ್ತಬಾರದು, ಆಕ್ಸಿಲರೇಟರ್ ಬಿಡಬಾರದು. ವೇಗ ಹೆಚ್ಚಾದರೆ ಬಾನೆಟ್ಟಿನ ಮುಂದೆ ಏಳುವ ಅಲೆ, ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಗೆ ಸುಲಭವಾಗಿ ನೀರು ಸೇರಿಸುತ್ತದೆ.

ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ, ಸಿಲಿಂಡರಿಗೆ ನೀರು ಸೇರಿದ್ದರೆ ಪಿಸ್ಟನ್ ಮೇಲೇರಲಾರದೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಏರುತ್ತಿದ್ದರೆ ವಸ್ತುಗಳ ಚಿಂತೆ ಬಿಟ್ಟು, ಸೀಟ್ ಬೆಲ್ಟ್ ಕಳಚಿ, ಕಿಟಕಿಯಿಂದ ಹೊರಬನ್ನಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯದಿರಬಹುದು. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಗಟ್ಟಿ ವಸ್ತುವಿನಿಂದ ಹೊಡೆಯಬೇಕೇ ಹೊರತು ಮುಂದಿನ ಗಾಜಿಗಲ್ಲ, ಏಕೆಂದರೆ ಅದು ಪದರಗಳಿಂದಾದ, ಒಡೆದರೂ ಬಿಡದ ಗಾಜು. ಎಳೆಯ ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ.

ದಾಟಿದ ಮೇಲೆ ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರಾಗಿ ಹಲವು ಬಾರಿ ಒತ್ತಿ ಒಣಗಿಸಿ. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಂಜಿನ್ ಆಯಿಲ್ ಹಾಲಿನಂತೆ ಬಿಳಿಚಿದ್ದರೆ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋಗಬೇಕು. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲನ್ನೂ ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಿ. ಮಾಮೂಲಿ ವಿಮೆಯಲ್ಲಿ ನೀರಿನಿಂದಾದ ಎಂಜಿನ್ ಹಾನಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ನಿಮ್ಮ ಪಾಲಿಸಿಯಲ್ಲಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಿ.